ಹೈಡ್ರೋಕಾರ್ಬನ್ ಇಂಧನವನ್ನು ಸ್ವಚ್ಛವಾಗಿ ಉರಿಸುವುದು ಹೇಗೆ, ಎಷ್ಟರ ಮಟ್ಟಿಗೆ

ಅಡುಗೆ ಅನಿಲ, ನೈಸರ್ಗಿಕ ಅನಿಲ, ಪೆಟ್ರೋಲ್, ಡೀಸೆಲ್, ಸೀಮೆಎಣ್ಣೆ, ಮೇಣ ಇವೆಲ್ಲ ಮೂಲತಃ ಇಂಗಾಲ ಮತ್ತು ಜಲಜನಕ ಎಂಬ ಎರಡು ಧಾತುಗಳಿಂದಾದ ವಸ್ತುಗಳು. ಇವನ್ನು ಹೊಗೆ, ಮಸಿ, ವಿಷಾನಿಲಗಳಿಲ್ಲದೆ ಉರಿಸಬಹುದೇ ಎಂದು ಕೇಳಿದರೆ ಹೌದು ಅಥವಾ ಇಲ್ಲ ಎಂದು ಒಂದೇ ಮಾತಿನಲ್ಲಿ ಹೇಳಲಾಗದು. ಹೊರಬರುವ ಒಂದೊಂದು ಮಾಲಿನ್ಯಕ್ಕೂ ಒಂದೊಂದು ಕಾರಣವಿದೆ. ಮಸಿ, ಕಾರ್ಬನ್ ಮಾನಾಕ್ಸೈಡ್ ಮತ್ತು ಅರ್ಧಂಬರ್ಧ ಉರಿದ ಇಂಧನ ಹುಟ್ಟುವುದು ಗಾಳಿ ಸಾಲದೆ ಹೋದಾಗ ಅಥವಾ ಸರಿಯಾಗಿ ಬೆರೆಯದೆ ಹೋದಾಗ. ಆದ್ದರಿಂದ ಅವನ್ನು ಬಹುಮಟ್ಟಿಗೆ ಇಲ್ಲವಾಗಿಸಬಹುದು. ಸಾರಜನಕದ ಆಕ್ಸೈಡ್‌ಗಳು ಅತಿಯಾದ ಶಾಖದಲ್ಲಿ ಹುಟ್ಟುತ್ತವೆ. ಅವನ್ನು ಕಷ್ಟಪಟ್ಟು ಕಡಿಮೆ ಮಾಡಬಹುದು. ಇಂಗಾಲದ ಡೈಆಕ್ಸೈಡ್ ಮಾತ್ರ ಇಂಧನದೊಳಗಿನ ಇಂಗಾಲದ್ದೇ ಇನ್ನೊಂದು ರೂಪ. ಸುಟ್ಟ ಇಂಧನದಿಂದ ಬರುವ ಆ ಅನಿಲವನ್ನು ಬರ್ನರ್ ಅಥವಾ ಎಂಜಿನ್ನಿನ ಯಾವ ಹೊಂದಾಣಿಕೆಯೂ ತಗ್ಗಿಸಲಾರದು. ಈ ಬರಹದ ಹೆಚ್ಚಿನ ಭಾಗ ಮೊದಲನೆಯದನ್ನು ಸಾಧಿಸುವ ಬಗೆಯನ್ನು ಹೇಳುತ್ತದೆ, ಏಕೆಂದರೆ ನಮ್ಮ ಕೈಯಲ್ಲಿ ಹೆಚ್ಚು ಇರುವುದು ಅದೇ.

ಲೆಕ್ಕದಿಂದಲೇ ಆರಂಭಿಸೋಣ. 16 ಗ್ರಾಂ ಮೀಥೇನ್ ಪೂರ್ತಿಯಾಗಿ ಉರಿಯಲು 64 ಗ್ರಾಂ ಆಮ್ಲಜನಕ ಬೇಕು. ಆಗ 44 ಗ್ರಾಂ ಇಂಗಾಲದ ಡೈಆಕ್ಸೈಡ್ ಮತ್ತು 36 ಗ್ರಾಂ ನೀರಾವಿ ಹೊರಬರುತ್ತವೆ. ಗಾಳಿಯಲ್ಲಿ ಆಮ್ಲಜನಕದ ಪ್ರಮಾಣ ಗಾತ್ರದ ಲೆಕ್ಕದಲ್ಲಿ ಶೇಕಡಾ 21ರಷ್ಟು, ತೂಕದ ಲೆಕ್ಕದಲ್ಲಿ ಸುಮಾರು 23ರಷ್ಟು ಮಾತ್ರ ಇರುವುದರಿಂದ ಬೇಕಾಗುವ ಗಾಳಿಯ ತೂಕ ಇಂಧನದ ತೂಕದ ಹಲವು ಪಟ್ಟು ಆಗುತ್ತದೆ: ಒಂದು ಕಿಲೋ ಪೆಟ್ರೋಲಿಗೆ ಸುಮಾರು 14.7 ಕಿಲೋ, ಪ್ರೊಪೇನಿಗೆ 15.7 ಕಿಲೋ, ಮೀಥೇನಿಗೆ 17 ಕಿಲೋಗಿಂತ ತುಸು ಹೆಚ್ಚು. ಮುಕ್ಕಾಲು ಕಿಲೋ ತೂಗುವ ಒಂದು ಲೀಟರ್ ಪೆಟ್ರೋಲಿನಿಂದ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್ ಬರುತ್ತದೆ ಎಂದರೆ ಅನೇಕರು ನಂಬುವುದಿಲ್ಲ. ಆದರೆ ಆ ತೂಕದ ಬಹುಪಾಲು ಗಾಳಿಯಿಂದ ಸೇರಿಕೊಂಡ ಆಮ್ಲಜನಕದ್ದು. ಉರಿ ಎಷ್ಟು ಪರಿಪೂರ್ಣವಾಗುತ್ತದೆಯೋ ಈ ಅನಿಲ ಅಷ್ಟು ಹೆಚ್ಚುತ್ತದೆ ಎಂಬುದನ್ನೂ ಇಲ್ಲಿಯೇ ಗಮನಿಸಬೇಕು, ಏಕೆಂದರೆ ಮಸಿಯಾಗಿಯೋ ಕಾರ್ಬನ್ ಮಾನಾಕ್ಸೈಡ್ ಆಗಿಯೋ ಉಳಿಯುತ್ತಿದ್ದ ಇಂಗಾಲವೂ ಆಗ ಪೂರ್ತಿ ಸುಟ್ಟಿರುತ್ತದೆ.

ಜ್ವಾಲೆಯನ್ನು ನೋಡಿ ತಿಳಿಯುವುದು

ಯಾವ ಉಪಕರಣವೂ ಇಲ್ಲದೆ ದಹನದ ಗುಣವನ್ನು ಅಳೆಯಲು ಜ್ವಾಲೆಯ ಬಣ್ಣವೇ ಮೊದಲ ಸಾಧನ. ಮೇಣದ ಬತ್ತಿಯ ಜ್ವಾಲೆಯನ್ನು ಹತ್ತಿರದಿಂದ ನೋಡಿದರೆ ಬುಡದಲ್ಲಿ ಕಿರಿದಾದ ನೀಲಿ ಅಂಚು, ಬತ್ತಿಯ ಸುತ್ತ ಮಂಕಾದ ಭಾಗ, ಅದರ ಮೇಲೆ ಹೊಳೆಯುವ ಹಳದಿ ಭಾಗ ಕಾಣುತ್ತವೆ. ಬುಡದಲ್ಲಿ ಗಾಳಿ ಇಂಧನದ ಆವಿಯೊಡನೆ ಚೆನ್ನಾಗಿ ಬೆರೆಯುವುದರಿಂದ ಅಲ್ಲಿನ ಉರಿ ನೀಲಿ. ಮೇಲಿನ ಹಳದಿ ಬೆಳಕು ಅನಿಲದ್ದಲ್ಲ. ಆಮ್ಲಜನಕ ಸಿಗದೆ ಶಾಖಕ್ಕೆ ಒಡೆದ ಆವಿಯಿಂದ ಹುಟ್ಟಿದ ಇಂಗಾಲದ ಸೂಕ್ಷ್ಮ ಕಣಗಳು ಕೆಂಡದಂತೆ ಕಾದು ಬೆಳಗುವ ಬೆಳಕು ಅದು. ಆ ಕಣಗಳು ಜ್ವಾಲೆಯ ಅಂಚನ್ನು ತಲುಪಿ ಅಲ್ಲಿ ಸುಟ್ಟುಹೋದರೆ ಹೊಗೆ ಕಾಣುವುದಿಲ್ಲ. ಸುಡುವ ಮೊದಲೇ ತಣ್ಣಗಾದರೆ ಅವೇ ಕಾಡಿಗೆಯಾಗಿ ಹೊರಬರುತ್ತವೆ.

ಇದನ್ನು ಕಣ್ಣಾರೆ ನೋಡಬೇಕೆಂದರೆ ಉದ್ದ ಹಿಡಿಯ ತಣ್ಣನೆಯ ಸ್ಟೀಲ್ ಚಮಚವನ್ನು ಹಳದಿ ಭಾಗದೊಳಗೆ ಎರಡು ಮೂರು ಸೆಕೆಂಡು ಹಿಡಿದು ತೆಗೆಯಬೇಕು. ಚಮಚದ ಬೆನ್ನಿಗೆ ಮೃದುವಾದ ಕಪ್ಪು ಮಸಿ ಹತ್ತಿರುತ್ತದೆ. ಇನ್ನೊಂದು ಶುಭ್ರ ಚಮಚವನ್ನು ಅಷ್ಟೇ ಹೊತ್ತು ಸರಿಯಾಗಿ ಉರಿಯುವ ಗ್ಯಾಸ್ ಒಲೆಯ ನೀಲಿ ಜ್ವಾಲೆಗೆ ಹಿಡಿದರೆ ಅದಕ್ಕೆ ನೀರಿನ ಮಂಜು ಕವಿದು ಆರುತ್ತದೆಯೇ ಹೊರತು ಮಸಿ ಹಿಡಿಯುವುದಿಲ್ಲ. ಒಲೆ ಸರಿಯಿದೆಯೇ ಎಂಬ ಸಂದೇಹ ಬಂದಾಗಲೆಲ್ಲ ಈ ಪರೀಕ್ಷೆಯನ್ನು ಮಾಡಬಹುದು. ಒಂದು ಎಚ್ಚರಿಕೆ ಮಾತ್ರ ಬೇಕು: ಗಾಳಿಯಲ್ಲಿನ ಧೂಳು ಅಥವಾ ಉಪ್ಪಿನ ಅಂಶ ಜ್ವಾಲೆಗೆ ಬಿದ್ದರೆ ಸೋಡಿಯಂನಿಂದಾಗಿ ಕಿತ್ತಳೆ ಬಣ್ಣದ ಕಿಡಿಗಳು ಆಗಾಗ ಮಿನುಗುತ್ತವೆ. ಅದು ಮಸಿಯ ಲಕ್ಷಣವಲ್ಲ. ಬಿಡದೆ ನಿಂತ ಹಳದಿ ತುದಿಗಳು ಮಾತ್ರ ಗಾಳಿ ಸಾಲುತ್ತಿಲ್ಲ ಎಂಬುದನ್ನು ಸೂಚಿಸುತ್ತವೆ.

ಬತ್ತಿ, ಪಂಪ್ ಸ್ಟೌ, ಗ್ಯಾಸ್ ಬರ್ನರ್

ದಹನವನ್ನು ಶುಚಿಗೊಳಿಸಿದ ಇತಿಹಾಸವೆಲ್ಲ ಗಾಳಿ ಮತ್ತು ಇಂಧನವನ್ನು ಉರಿಯುವ ಮೊದಲೇ ಚೆನ್ನಾಗಿ ಬೆರೆಸಿದ ಇತಿಹಾಸ. 1780ರ ಸುಮಾರಿಗೆ ಏಮೆ ಆರ್ಗಾಂಡ್ ಕೊಳವೆಯಾಕಾರದ ಬತ್ತಿಯ ನಡುವಿನಿಂದಲೂ ಗಾಳಿ ಹರಿಯುವಂತೆ ಮಾಡಿ, ಮೇಲೆ ಗಾಜಿನ ಚಿಮಣಿ ಇಟ್ಟು ದೀಪದ ಹೊಗೆಯನ್ನು ತಗ್ಗಿಸಿದರು. 1855ರಲ್ಲಿ ಹೈಡೆಲ್‌ಬರ್ಗಿನಲ್ಲಿ ರಾಬರ್ಟ್ ಬುನ್ಸೆನ್ ಮತ್ತು ಅವರ ಉಪಕರಣ ತಯಾರಕ ಪೀಟರ್ ಡೆಸಾಗಾ ಅನಿಲದೊಡನೆ ಗಾಳಿಯನ್ನು ಕೊಳವೆಯೊಳಗೇ ಬೆರೆಸುವ ಬರ್ನರನ್ನು ರೂಪಿಸಿದರು. 1892ರಲ್ಲಿ ಸ್ವೀಡನ್ನಿನ ಫ್ರಾನ್ಸ್ ಲಿಂಡ್‌ಕ್ವಿಸ್ಟ್ ತಂದ ಪಂಪ್ ಸ್ಟೌ ಸೀಮೆಎಣ್ಣೆಯನ್ನು ಮೊದಲು ಕಾಯಿಸಿ ಆವಿ ಮಾಡಿ, ಆ ಆವಿಯನ್ನು ಗಾಳಿಯೊಡನೆ ಬೆರೆಸಿ ಉರಿಸಿತು. ಬತ್ತಿಯಲ್ಲಿ ಕಪ್ಪು ಹೊಗೆ ಕಾರುವ ಅದೇ ಎಣ್ಣೆ ಈ ಸ್ಟೌವಿನಲ್ಲಿ ನೀಲಿಯಾಗಿ ಉರಿಯುತ್ತದೆ. ಹೊಗೆಗೆ ಇಂಧನವನ್ನೇ ದೂರುವ ಮೊದಲು ಈ ವ್ಯತ್ಯಾಸವನ್ನು ನೆನೆಯಬೇಕು.

ಬತ್ತಿಯ ಒಲೆ ಅಥವಾ ದೀಪವಿದ್ದರೆ ಮಾಡಬೇಕಾದದ್ದು ಕಡಿಮೆ. ಬತ್ತಿಯ ಕರಕಲು ತುದಿಯನ್ನು ಸಮವಾಗಿ ಕತ್ತರಿಸಿ, ಹೊಗೆ ಏಳದಷ್ಟು ಎತ್ತರಕ್ಕೆ ಇಳಿಸಿ, ಗಾಳಿಯ ರಂಧ್ರಗಳನ್ನು ಒರೆಸಿದರೆ ಅದರಿಂದ ಸಿಗಬಹುದಾದ ಶುಚಿತ್ವ ಸಿಕ್ಕಿತು. ಪಂಪ್ ಸ್ಟೌವಿನಲ್ಲಿ ಬರ್ನರ್ ಚೆನ್ನಾಗಿ ಕಾಯುವ ಮೊದಲೇ ಪಂಪ್ ಹೊಡೆಯಬಾರದು. ಆವಿಯಾಗದ ಎಣ್ಣೆ ಹೊರಚಿಮ್ಮಿ ಹಳದಿ ಜ್ವಾಲೆ ಎತ್ತರಕ್ಕೆ ಏಳುತ್ತದೆ, ಅದು ಹೊಗೆಗಿಂತ ದೊಡ್ಡ ಅಪಾಯ.

ಗ್ಯಾಸ್ ಬರ್ನರಿನ ವಿಷಯದಲ್ಲಿ ಸ್ವಲ್ಪ ನಿಧಾನವಾಗಿ ನಿಲ್ಲಬೇಕು. ನಾಜಲ್‌ನ ಸೂಕ್ಷ್ಮ ರಂಧ್ರದಿಂದ ರಭಸವಾಗಿ ಹೊರಡುವ ಅನಿಲ ತನ್ನ ಜೊತೆಗೆ ಪಕ್ಕದ ಕಿಂಡಿಯಿಂದ ಗಾಳಿಯನ್ನು ಎಳೆದುಕೊಂಡು ಕೊಳವೆಯೊಳಗೆ ಬೆರೆಯುತ್ತದೆ. ಹೀಗೆ ಮೊದಲೇ ಬೆರೆಯುವುದು ಬೇಕಾದ ಗಾಳಿಯ ಒಂದು ಪಾಲು ಮಾತ್ರ. ಉಳಿದದ್ದನ್ನು ಜ್ವಾಲೆ ತನ್ನ ಸುತ್ತಲಿಂದ ಪಡೆಯುತ್ತದೆ. ಆದ್ದರಿಂದ ಶುಚಿಗೊಳಿಸುವ ಕೆಲಸ ನಾಜಲ್, ಗಾಳಿಯ ಕಿಂಡಿ, ಬರ್ನರಿನ ತೂತುಗಳು ಈ ಮೂರೂ ಕಡೆ ನಡೆಯಬೇಕು. ಒಲೆ ಪೂರ್ತಿ ತಣ್ಣಗಾದ ಮೇಲೆ, ಅನಿಲದ ಮುಖ್ಯ ಕವಾಟವನ್ನು ಮುಚ್ಚಿ, ಬರ್ನರಿನ ಮೇಲ್ಭಾಗವನ್ನು ಬಿಚ್ಚಿ ಸೋಪಿನ ನೀರಿನಲ್ಲಿ ತೊಳೆದು, ತೂತುಗಳನ್ನು ತೆಳುವಾದ ಪಿನ್ನಿನಿಂದ ಬಿಡಿಸಿ, ಒಣಗಿಸಿ ಮರಳಿ ಇಡಬೇಕು. ಕೊಳವೆಯೊಳಗೆ ಧೂಳು ಅಥವಾ ಜೇಡರ ಬಲೆ ಕೂತಿದ್ದರೂ ಗಾಳಿ ತಗ್ಗಿ ಜ್ವಾಲೆ ಹಳದಿಯಾಗುತ್ತದೆ. ನಾಜಲ್‌ನ ರಂಧ್ರವನ್ನು ಮಾತ್ರ ಯಾವ ಕಾರಣಕ್ಕೂ ಹಿಗ್ಗಿಸಬಾರದು. ಅದರ ಅಳತೆ ಆಯಾ ಅನಿಲಕ್ಕೆ ಮತ್ತು ಒತ್ತಡಕ್ಕೆ ತಕ್ಕಂತೆ ಮಾಡಿದ್ದು. ಸಿಲಿಂಡರಿನ ಅನಿಲದಿಂದ ಕೊಳವೆಯ ನೈಸರ್ಗಿಕ ಅನಿಲಕ್ಕೆ ಬದಲಾಗುವಾಗ ನಾಜಲ್‌ಗಳನ್ನು ತಿಳಿದವರಿಂದಲೇ ಬದಲಾಯಿಸಿಕೊಳ್ಳಬೇಕಾದದ್ದೂ ಇದಕ್ಕಾಗಿಯೇ.

ಗಾಳಿಯ ಕಿಂಡಿಯನ್ನು ಹೊಂದಿಸಲು ಅವಕಾಶವಿರುವ ಬರ್ನರಿನಲ್ಲಿ, ಹಳದಿ ತುದಿ ಕಾಣುವವರೆಗೆ ಕಿಂಡಿಯನ್ನು ಮುಚ್ಚುತ್ತ ಹೋಗಿ, ಅನಂತರ ಆ ತುದಿಗಳು ಮಾಯವಾಗಿ ಒಳಗಿನ ನೀಲಿ ಶಂಕು ಚೂಪಾಗಿ ಕಾಣುವವರೆಗೆ ನಿಧಾನವಾಗಿ ತೆರೆಯಬೇಕು. ಅದಕ್ಕಿಂತ ಹೆಚ್ಚು ತೆರೆದರೆ ಜ್ವಾಲೆ ತೂತುಗಳನ್ನು ಬಿಟ್ಟು ಮೇಲೆದ್ದು ಸದ್ದು ಮಾಡುತ್ತ ಆರಿಹೋಗಬಹುದು. ಬರ್ನರ್ ಬಿಸಿಯಾದ ಮೇಲೆ ಇನ್ನೊಮ್ಮೆ ನೋಡಿ ಬಿಗಿ ಮಾಡುವುದು ಒಳ್ಳೆಯದು. ಬಣ್ಣ ಸರಿಯಿದ್ದರೂ ಪಾತ್ರೆ ಬರ್ನರಿಗೆ ತೀರ ಹತ್ತಿರವಿದ್ದು ನೀಲಿ ಶಂಕುವಿನ ತುದಿ ತಣ್ಣನೆಯ ಲೋಹಕ್ಕೆ ತಾಗುತ್ತಿದ್ದರೆ ಅಲ್ಲಿ ಉರಿ ಅರ್ಧಕ್ಕೇ ನಿಂತು ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಪಾತ್ರೆಯನ್ನು ಹೊರುವ ಕಾಲುಗಳು ಬಾಗಿದ್ದರೆ ಅವನ್ನು ಸರಿಪಡಿಸಲೇಬೇಕು.

ಕಿಟಕಿ ತೆರೆದಿಡುವ ಮಾತು

ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇದನ್ನು 200 ಪಟ್ಟಿಗೂ ಮಿಗಿಲಾದ ಬಲದಿಂದ ಹಿಡಿದುಕೊಳ್ಳುತ್ತದೆ. ಒಂದೇ ಮನೆಯಲ್ಲಿರುವ ಹಲವರಿಗೆ ಒಟ್ಟಿಗೆ ತಲೆನೋವು, ವಾಕರಿಕೆ, ಮಂಪರು ಬಂದರೆ ಮೊದಲು ಎಲ್ಲರೂ ಹೊರಗೆ ಬರಬೇಕು, ಅನಂತರ ಕಾರಣ ಹುಡುಕಬೇಕು. ಹೊಗೆಗೊಳವೆ ಇಲ್ಲದ ಗ್ಯಾಸ್ ಗೀಸರನ್ನು ಮುಚ್ಚಿದ ಬಚ್ಚಲುಮನೆಯಲ್ಲಿ ಉರಿಸುವುದು, ಜನರೇಟರನ್ನು ಮನೆಯೊಳಗೆ ಅಥವಾ ಕಿಟಕಿಯ ಕೆಳಗೆ ಇಡುವುದು, ವಾಹನವನ್ನು ಮುಚ್ಚಿದ ಶೆಡ್ಡಿನಲ್ಲಿ ಚಾಲೂ ಬಿಡುವುದು ಇವೆಲ್ಲ ಜೀವ ತೆಗೆದ ಅಭ್ಯಾಸಗಳು. ಎಷ್ಟೇ ಶುಚಿಯಾಗಿ ಉರಿದರೂ ಮುಚ್ಚಿದ ಕೋಣೆಯ ಆಮ್ಲಜನಕ ಇಳಿಯುತ್ತ ಬಂದಂತೆ ಅದೇ ನೀಲಿ ಜ್ವಾಲೆಯೂ ಕಾರ್ಬನ್ ಮಾನಾಕ್ಸೈಡ್ ಬಿಡತೊಡಗುತ್ತದೆ. ಆದ್ದರಿಂದ ಗಾಳಿಯ ಸಂಚಾರವನ್ನು ಬರ್ನರಿನ ಒಂದು ಅಂಗವೆಂದೇ ಭಾವಿಸಬೇಕು. ಈ ಅನಿಲವನ್ನು ಪತ್ತೆಹಚ್ಚಿ ಕೂಗುವ ಅಲಾರಂ ಇದ್ದರೆ ಇನ್ನೂ ಒಳ್ಳೆಯದು, ಆದರೆ ಅದು ಕಿಟಕಿಯ ಬದಲಿಯಲ್ಲ.

ಹೆಚ್ಚು ಶಾಖ ತರುವ ತೊಂದರೆ

ಪರಿಪೂರ್ಣವಾಗಿ ಉರಿಯಲಿ ಎಂದು ಜ್ವಾಲೆಯನ್ನು ಇನ್ನಷ್ಟು ಬಿಸಿ ಮಾಡುತ್ತ ಹೋದರೆ ಬೇರೊಂದು ಕಡೆಯಿಂದ ಕೆಡುಕು ಬರುತ್ತದೆ. ಗಾಳಿಯ ಶೇಕಡಾ 78ರಷ್ಟಿರುವ ಸಾರಜನಕ ಸಾಮಾನ್ಯವಾಗಿ ಯಾವ ಗೊಡವೆಗೂ ಹೋಗದ ಅನಿಲ. ಆದರೆ ಸುಮಾರು 1500 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಅದು ಆಮ್ಲಜನಕದೊಡನೆ ಗಣನೀಯವಾಗಿ ಕೂಡತೊಡಗುತ್ತದೆ, ಉಷ್ಣತೆ ಏರಿದಂತೆ ಆ ವೇಗ ಬಹಳ ಕಡಿದಾಗಿ ಏರುತ್ತದೆ. ಈ ಕ್ರಿಯೆಯ ಹಂತಗಳನ್ನು 1940ರ ದಶಕದಲ್ಲಿ ವಿವರಿಸಿದವರು ಸೋವಿಯತ್ ವಿಜ್ಞಾನಿ ಯಾಕೋವ್ ಜೆಲ್ಡೋವಿಚ್. ಹೀಗೆ ಹುಟ್ಟಿದ ಆಕ್ಸೈಡ್‌ಗಳು ಶ್ವಾಸಕೋಶವನ್ನು ಕೆರಳಿಸುವುದಷ್ಟೇ ಅಲ್ಲ, ಉರಿಯದೆ ಹೊರಬಂದ ಇಂಧನದ ಆವಿಯೊಡನೆ ಬಿಸಿಲಿನಲ್ಲಿ ಸೇರಿ ನೆಲಮಟ್ಟದ ಓಜೋನನ್ನೂ ಹುಟ್ಟಿಸುತ್ತವೆ. ಲಾಸ್ ಏಂಜಲೀಸ್ ನಗರವನ್ನು ಕವಿಯುತ್ತಿದ್ದ ಕಂದು ಮಂಜು ಹೀಗೆ ಹುಟ್ಟುತ್ತದೆಂದು 1950ರ ದಶಕದ ಆರಂಭದಲ್ಲಿ ತೋರಿಸಿಕೊಟ್ಟವರು ಏರೀ ಹಾಗನ್-ಸ್ಮಿಟ್.

ಇಲ್ಲಿಯೇ ದಹನದ ನಿಜವಾದ ಇಕ್ಕಟ್ಟು ಇದೆ. ಮಸಿಯನ್ನು ಸುಡಲು ಶಾಖವೂ ಆಮ್ಲಜನಕವೂ ಬೇಕು. ಅವೆರಡೂ ಹೆಚ್ಚಿದರೆ ಸಾರಜನಕದ ಆಕ್ಸೈಡ್ ಹೆಚ್ಚುತ್ತದೆ. ಇದಕ್ಕೆ ಕಂಡುಕೊಂಡ ದಾರಿಗಳೆಲ್ಲ ಜ್ವಾಲೆಯಲ್ಲಿ ಅತಿ ಬಿಸಿಯಾದ ಚುಕ್ಕೆಗಳು ಉಳಿಯದಂತೆ ನೋಡಿಕೊಳ್ಳುತ್ತವೆ: ಹೊಗೆಯ ಒಂದು ಪಾಲನ್ನು ತಣಿಸಿ ಮರಳಿ ಒಳಗೆ ಬಿಡುವುದು, ಇಂಧನವನ್ನು ಹಂತಹಂತವಾಗಿ ಕೊಡುವುದು, ಬೇಕಾದದ್ದಕ್ಕಿಂತ ಬಹಳ ಹೆಚ್ಚು ಗಾಳಿಯೊಡನೆ ಮೊದಲೇ ಸಮವಾಗಿ ಬೆರೆಸಿ ಉರಿಸುವುದು. ಕೊನೆಯ ವಿಧಾನದಿಂದ ವಿದ್ಯುತ್ ಸ್ಥಾವರಗಳ ಗ್ಯಾಸ್ ಟರ್ಬೈನುಗಳು ಈ ಆಕ್ಸೈಡನ್ನು 25 ಪಿಪಿಎಂಗಿಂತ (ಹತ್ತು ಲಕ್ಷ ಪಾಲಿನಲ್ಲಿ 25 ಪಾಲು) ಕೆಳಗೆ ಇಳಿಸಿವೆ. ಮನೆಯ ಒಲೆಯಲ್ಲಿ ಇಂಥದ್ದೇನೂ ಕೈಗೆಟುಕದ ಕಾರಣ ಒಲೆಯ ಮೇಲಿನ ಎಕ್ಸಾಸ್ಟ್ ಫ್ಯಾನನ್ನು ಹಾಕಿಡುವುದೇ ಉಪಾಯ.

ವಾಹನದ ಎಂಜಿನ್

ಪೆಟ್ರೋಲ್ ಎಂಜಿನ್ನಿನ ಹೊಗೆಯನ್ನು ಇಂದು ಶುಚಿಗೊಳಿಸುತ್ತಿರುವುದು ಮುಖ್ಯವಾಗಿ ಎಂಜಿನ್ನಿನ ಒಳಗಿನ ಉರಿಯಲ್ಲ, ಹೊರಗಿನ ಕ್ಯಾಟಲಿಟಿಕ್ ಕನ್ವರ್ಟರ್. ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೇಪಿಸಿದ ಜೇನುಗೂಡಿನಂಥ ಈ ತುಂಡಿನಲ್ಲಿ ಕಾರ್ಬನ್ ಮಾನಾಕ್ಸೈಡ್ ಮತ್ತು ಉಳಿದ ಇಂಧನ ಸುಟ್ಟುಹೋಗುತ್ತವೆ, ಸಾರಜನಕದ ಆಕ್ಸೈಡ್ ಒಡೆದು ಮರಳಿ ಸಾರಜನಕವಾಗುತ್ತದೆ. ಮೂರೂ ಒಟ್ಟಿಗೆ ನಡೆಯಬೇಕಾದರೆ ಗಾಳಿ ಮತ್ತು ಇಂಧನದ ಅನುಪಾತ 14.7ರ ಆಸುಪಾಸಿನ ಬಹಳ ಕಿರಿದಾದ ಪಟ್ಟಿಯೊಳಗೇ ಇರಬೇಕು. ಅದನ್ನು ಕಾಯುವುದು ಸೈಲೆನ್ಸರ್ ಕೊಳವೆಯಲ್ಲಿರುವ ಆಕ್ಸಿಜನ್ ಸೆನ್ಸರ್. ಆದ್ದರಿಂದ ಮೀಟರ್ ಫಲಕದಲ್ಲಿ ಎಂಜಿನ್ ದೀಪ ಹೊತ್ತಿದರೆ ಗಾಡಿ ಓಡುತ್ತಿದೆಯಲ್ಲ ಎಂದು ಸುಮ್ಮನಿರಬಾರದು. ಆ ದೀಪ ಮಿನುಗುತ್ತಿದ್ದರೆ ಸಾಮಾನ್ಯವಾಗಿ ಮಿಸ್‌ಫೈರ್ ಆಗುತ್ತಿದೆಯೆಂದು ಅರ್ಥ: ಉರಿಯದ ಪೆಟ್ರೋಲ್ ನೇರವಾಗಿ ಕನ್ವರ್ಟರಿಗೆ ಹೋಗಿ ಅಲ್ಲಿ ಹೊತ್ತಿ, ಆ ದುಬಾರಿ ತುಂಡನ್ನು ಒಳಗೊಳಗೇ ಕರಗಿಸಬಹುದು. ಸ್ಪಾರ್ಕ್ ಪ್ಲಗ್ ಮತ್ತು ಇಗ್ನಿಷನ್ ಕಾಯಿಲ್ ಪರೀಕ್ಷಿಸುವವರೆಗೆ ಗಾಡಿ ಓಡಿಸದಿರುವುದೇ ಲೇಸು.

ಕನ್ವರ್ಟರ್ ಕೆಲಸ ಆರಂಭಿಸುವುದು ಸುಮಾರು 250ರಿಂದ 300 ಡಿಗ್ರಿ ಕಾದ ಮೇಲೆ. ಹೀಗಾಗಿ ಒಂದು ಪಯಣದ ವಿಷಾನಿಲದ ದೊಡ್ಡ ಪಾಲು ಮೊದಲ ಒಂದೆರಡು ನಿಮಿಷಗಳಲ್ಲೇ ಹೊರಬೀಳುತ್ತದೆ. ಗಾಡಿಯನ್ನು ನಿಲ್ಲಿಸಿಯೇ ಎಂಜಿನ್ ಕಾಯಿಸುವುದರಿಂದ ಆ ಅವಧಿ ಉದ್ದವಾಗುತ್ತದೆ. ಹೊರಟು ಮೊದಲ ಕಿಲೋಮೀಟರುಗಳನ್ನು ಮೆಲ್ಲಗೆ ಓಡಿಸುವುದು ಸರಿಯಾದ ಕ್ರಮ, ಹತ್ತಿರದ ಸಣ್ಣ ಕೆಲಸಗಳನ್ನು ಒಂದೇ ಸುತ್ತಿನಲ್ಲಿ ಮುಗಿಸುವುದು ಅದಕ್ಕಿಂತಲೂ ಒಳ್ಳೆಯದು.

ಹೊಗೆಯ ಬಣ್ಣವೂ ಮೆಕ್ಯಾನಿಕ್‌ಗೆ ಮೊದಲು ಹೇಳಬೇಕಾದ ವಿಷಯ. ಕಪ್ಪು ಹೊಗೆ ಇಂಧನ ಹೆಚ್ಚು, ಗಾಳಿ ಕಡಿಮೆ ಎಂಬುದರ ಗುರುತು. ಏರ್ ಫಿಲ್ಟರ್, ಇಂಜೆಕ್ಟರ್ ಅಥವಾ ಕಾರ್ಬುರೇಟರನ್ನು ನೋಡಬೇಕು. ನೀಲಿ ಹೊಗೆಯಾದರೆ ಪಿಸ್ಟನ್ ರಿಂಗ್ ಅಥವಾ ವಾಲ್ವ್ ಸೀಲ್ ಸವೆದು ಎಂಜಿನ್ ಆಯಿಲ್ ಉರಿಯುತ್ತಿದೆ. ಬಿಳಿ ಹೊಗೆ ಚಳಿಯ ಬೆಳಗಿನಲ್ಲಿ ಬರೀ ನೀರಾವಿಯಿರಬಹುದು, ಆದರೆ ಎಂಜಿನ್ ಬಿಸಿಯಾದ ಮೇಲೂ ನಿಲ್ಲದಿದ್ದರೆ ಕೂಲೆಂಟ್ ಸೋರುತ್ತಿರಬಹುದು. ಹಳೆಯ ಮಾದರಿಯ ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಹೊಸ ಮಿಶ್ರಣದ ಒಂದು ಪಾಲು ಉರಿಯುವ ಮೊದಲೇ ಹೊರಗೆ ಜಾರುವುದು ಅದರ ರಚನೆಯಲ್ಲೇ ಇರುವ ದೋಷ; ಎಷ್ಟು ಟ್ಯೂನ್ ಮಾಡಿದರೂ ಅದು ಹೋಗದು, ಅದನ್ನು ಬದಲಿಸುವುದೊಂದೇ ಪರಿಹಾರ.

ಡೀಸೆಲ್ ಬೇರೆಯೇ ಕತೆ. ಅಲ್ಲಿ ಇಂಧನ ಹನಿಗಳಾಗಿ ಚಿಮ್ಮಿ, ಬೆರೆಯುತ್ತಿರುವಾಗಲೇ ಉರಿಯುವುದರಿಂದ ಸಿಂಪರಣೆಯ ಒಳಭಾಗದಲ್ಲಿ ಮಸಿ, ಬಿಸಿ ಅಂಚಿನಲ್ಲಿ ಸಾರಜನಕದ ಆಕ್ಸೈಡ್ ಒಟ್ಟೊಟ್ಟಿಗೆ ಹುಟ್ಟುತ್ತವೆ. 2000 ಬಾರ್‌ವರೆಗಿನ ಒತ್ತಡದಲ್ಲಿ ಸಿಂಪಡಿಸುವ ಇಂಜೆಕ್ಟರುಗಳು ಮಸಿಯನ್ನು ತಗ್ಗಿಸಿವೆ, ಉಳಿದದ್ದನ್ನು ಫಿಲ್ಟರ್ ಹಿಡಿಯುತ್ತದೆ, ಆಕ್ಸೈಡನ್ನು ಶೇಕಡಾ 32.5ರ ಯೂರಿಯಾ ದ್ರಾವಣ ಒಡೆಯುತ್ತದೆ. ಗಂಧಕ ಈ ಉಪಕರಣಗಳನ್ನು ಕೆಡಿಸುವುದರಿಂದಲೇ ಹಲವು ದೇಶಗಳು ಡೀಸೆಲ್‌ನಲ್ಲಿ ಅದರ ಮಿತಿಯನ್ನು 10 ಪಿಪಿಎಂಗೆ ಇಳಿಸಿವೆ. ಬಳಸುವವರು ಮಾಡಬೇಕಾದದ್ದು ಇಷ್ಟು: ಯೂರಿಯಾ ದ್ರಾವಣಕ್ಕೆ ನೀರು ಬೆರೆಸಬಾರದು, ಫಿಲ್ಟರಿನಲ್ಲಿ ಸೇರಿದ ಮಸಿ ಸುಟ್ಟುಹೋಗುವಂತೆ ಆಗಾಗ ಹೆದ್ದಾರಿಯ ವೇಗದಲ್ಲಿ ಒಂದಿಷ್ಟು ದೂರ ಓಡಿಸಬೇಕು, ಮೈಲೇಜ್ ಹೆಚ್ಚುತ್ತದೆಂಬ ಮಾತು ಕೇಳಿ ಫಿಲ್ಟರನ್ನು ಕಿತ್ತುಹಾಕಿಸಬಾರದು. ಆ ಫಿಲ್ಟರ್ ತಡೆಯುತ್ತಿದ್ದ ಕಣಗಳು ಹಿಂದೆ ಬರುವವರ ಎದೆಗೇ ಹೋಗುತ್ತವೆ.

ಇಂಧನದ ಕೊಳವೆಗೆ ಕಟ್ಟುವ ಅಯಸ್ಕಾಂತ, ಟ್ಯಾಂಕಿಗೆ ಹಾಕುವ ಮಾತ್ರೆ ಮುಂತಾದವು "ಪೂರ್ಣ ದಹನ"ದ ಆಸೆ ತೋರಿಸಿ ಮಾರಾಟವಾಗುತ್ತವೆ. ಸುಸ್ಥಿತಿಯಲ್ಲಿರುವ ಎಂಜಿನ್ನಿನಲ್ಲಿ ಇಂಧನದ ಶೇಕಡಾ 98ರಷ್ಟು ಈಗಾಗಲೇ ಉರಿಯುತ್ತಿರುತ್ತದೆ. ಉಳಿದ ಎರಡರಷ್ಟನ್ನು ಪೂರ್ತಿ ಉರಿಸಿದರೂ ಆಗುವ ಉಳಿತಾಯ ಅಷ್ಟೇ. ಎಂಜಿನ್ನಿನ ದೊಡ್ಡ ನಷ್ಟ ರೇಡಿಯೇಟರ್ ಮತ್ತು ಸೈಲೆನ್ಸರ್ ಮೂಲಕ ಹೋಗುವ ಶಾಖ. ಅದನ್ನು ಅಯಸ್ಕಾಂತ ತಡೆಯಲಾರದು.

ಬಾಯ್ಲರ್ ನಡೆಸುವವರಿಗೆ

ಬಾಯ್ಲರ್ ಅಥವಾ ಕುಲುಮೆ ಇದ್ದವರು ಕಣ್ಣಂದಾಜನ್ನು ಬಿಟ್ಟು, ಚಿಮಣಿಯ ಹೊಗೆಯಲ್ಲಿರುವ ಅನಿಲಗಳನ್ನು ಅಳೆಯುವ ಫ್ಲೂ ಗ್ಯಾಸ್ ಅನಲೈಸರ್ ಬಳಸಬೇಕು. ಗಾಳಿಯನ್ನು ನಿಧಾನವಾಗಿ ತಗ್ಗಿಸುತ್ತ ಹೋದರೆ ಒಂದು ಹಂತದವರೆಗೆ ಕಾರ್ಬನ್ ಮಾನಾಕ್ಸೈಡ್ ಅಲುಗದೆ ಇದ್ದು ಆಮೇಲೆ ಥಟ್ಟನೆ ಏರುತ್ತದೆ. ಆ ತಿರುವಿನಿಂದ ತುಸು ಹಿಂದೆ ಸರಿದು ಗಾಳಿಯನ್ನು ನಿಲ್ಲಿಸಬೇಕು. ಅನಿಲದ ಬರ್ನರುಗಳಲ್ಲಿ ಇದು ಸಾಮಾನ್ಯವಾಗಿ ಹೊಗೆಯಲ್ಲಿ ಶೇಕಡಾ 3ರ ಆಸುಪಾಸಿನ ಆಮ್ಲಜನಕಕ್ಕೆ, ಅಂದರೆ ಬೇಕಾದದ್ದಕ್ಕಿಂತ ಸುಮಾರು ಶೇಕಡಾ 15ರಷ್ಟು ಹೆಚ್ಚಿನ ಗಾಳಿಗೆ ಸಮ. ಅದಕ್ಕೂ ಹೆಚ್ಚು ಗಾಳಿ ಬಿಟ್ಟರೆ ಶುಚಿತ್ವ ಹೆಚ್ಚುವುದಿಲ್ಲ, ಚಿಮಣಿಯಲ್ಲಿ ಶಾಖ ಹೋಗುತ್ತದೆ. ಉರಿಯ ಪೂರ್ಣ, ಮಧ್ಯಮ, ಕನಿಷ್ಠ ಮಟ್ಟಗಳಲ್ಲಿ ಪ್ರತ್ಯೇಕವಾಗಿ ಅಳೆಯುವುದನ್ನು ಮರೆಯಬಾರದು. ಹಲವು ಬರ್ನರುಗಳು ಕಡಿಮೆ ಉರಿಯಲ್ಲೇ ಕೆಡುತ್ತವೆ.

ಉಳಿಯುವ ಇಂಗಾಲದ ಡೈಆಕ್ಸೈಡ್

ಇಷ್ಟೆಲ್ಲ ಮಾಡಿದ ಮೇಲೂ ಇಂಧನದ ಇಂಗಾಲವೆಲ್ಲ ಆಕಾಶಕ್ಕೇ ಹೋಗುತ್ತದೆ. ಅದನ್ನು ತಡೆಯಬೇಕಾದರೆ ಚಿಮಣಿಯಲ್ಲೇ ಹಿಡಿದು ನೆಲದಾಳಕ್ಕೆ ಸೇರಿಸಬೇಕು. ನೈಸರ್ಗಿಕ ಅನಿಲದ ವಿದ್ಯುತ್ ಸ್ಥಾವರದ ಹೊಗೆಯಲ್ಲಿ ಅದು ಶೇಕಡಾ 4ರಷ್ಟು ಮಾತ್ರ ಇರುವುದರಿಂದ ಅಮೀನ್ ಎಂಬ ರಾಸಾಯನಿಕದ ದ್ರಾವಣದಲ್ಲಿ ಹೀರಿಸಿ, ಮತ್ತೆ ಕಾಯಿಸಿ ಬಿಡಿಸಿಕೊಳ್ಳಲು ಬಹಳ ಶಕ್ತಿ ವ್ಯಯವಾಗುತ್ತದೆ. ಗಾಳಿಯ ಬದಲು ಶುದ್ಧ ಆಮ್ಲಜನಕದಲ್ಲಿ ಉರಿಸುವುದು ಇನ್ನೊಂದು ದಾರಿ. ಆಗ ಹೊಗೆಯಲ್ಲಿ ಬಹುಪಾಲು ಇಂಗಾಲದ ಡೈಆಕ್ಸೈಡ್ ಮತ್ತು ನೀರಾವಿ ಮಾತ್ರ ಇರುವುದರಿಂದ ನೀರನ್ನು ತಣಿಸಿ ತೆಗೆದರೆ ಸಾಕು. ಟೆಕ್ಸಸ್‌ನ ಲಾ ಪೋರ್ಟ್‌ನಲ್ಲಿ 2018ರಲ್ಲಿ ಇಂಥ ಪ್ರಾಯೋಗಿಕ ಸ್ಥಾವರ ಕೆಲಸ ಆರಂಭಿಸಿತು. ನೆಲದಾಳದ ಸಂಗ್ರಹಕ್ಕೂ ಪೂರ್ವೋದಾಹರಣೆಯಿದೆ: ನಾರ್ವೆಯ ಸ್ಲೈಪ್ನರ್ ಕ್ಷೇತ್ರದಲ್ಲಿ, ನೈಸರ್ಗಿಕ ಅನಿಲದಿಂದ ಬೇರ್ಪಡಿಸಿದ ಇಂಗಾಲದ ಡೈಆಕ್ಸೈಡನ್ನು 1996ರಿಂದ ಸಮುದ್ರತಳದ ಕೆಳಗಿನ ಮರಳುಗಲ್ಲಿಗೆ ತುಂಬುತ್ತ ಬಂದಿದ್ದಾರೆ. ಇವೆಲ್ಲ ದೊಡ್ಡ ಸ್ಥಾವರಗಳಿಗೆ ಹೊಂದುವ ಮಾತು. ಕಾರಿನ ಹಿಂದೆ ಅಥವಾ ಒಲೆಯ ಮೇಲೆ ಇದನ್ನು ಮಾಡಲಾಗದು. ಅಲ್ಲಿ ಉಳಿಯುವ ನಿಜವಾದ ಉಪಾಯ ಕಡಿಮೆ ಇಂಧನ ಸುಡುವುದು, ಸಾಧ್ಯವಿದ್ದಲ್ಲಿ ಸುಡದೆಯೇ ಕೆಲಸ ಮಾಡಿಕೊಳ್ಳುವುದು ಎಂಬುದೇ ನನ್ನ ಸ್ಪಷ್ಟ ಅಭಿಪ್ರಾಯ.

ಸುಡಲೇಬೇಕಾದಾಗ ಇಂಧನದ ಆಯ್ಕೆಯಿಂದ ಸ್ವಲ್ಪ ವ್ಯತ್ಯಾಸವಾಗುತ್ತದೆ. ಒಂದು ಗಿಗಾಜೂಲ್ (ನೂರು ಕೋಟಿ ಜೂಲ್) ಶಾಖಕ್ಕೆ ಡೀಸೆಲ್ ಸುಮಾರು 74 ಕಿಲೋ, ಪೆಟ್ರೋಲ್ 69, ಅಡುಗೆ ಅನಿಲ 63, ನೈಸರ್ಗಿಕ ಅನಿಲ 56 ಕಿಲೋ ಇಂಗಾಲದ ಡೈಆಕ್ಸೈಡ್ ಬಿಡುತ್ತವೆ. ಜಲಜನಕದ ಪಾಲು ಹೆಚ್ಚಿದಂತೆ ಈ ಅಂಕಿ ಇಳಿಯುತ್ತದೆ. ಆದರೆ ನೈಸರ್ಗಿಕ ಅನಿಲದ ಈ ಲಾಭ ಅದು ಸೋರದಿದ್ದರೆ ಮಾತ್ರ. ಉರಿಯದೆ ಹೊರಹೋದ ಮೀಥೇನ್ 20 ವರ್ಷಗಳ ಅವಧಿಯಲ್ಲಿ ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 80 ಪಟ್ಟು ಹೆಚ್ಚು ಭೂಮಿಯನ್ನು ಕಾಯಿಸುತ್ತದೆ, ಆದ್ದರಿಂದ ಅಲ್ಪ ಸೋರಿಕೆಯೂ ಲೆಕ್ಕವನ್ನು ತಲೆಕೆಳಗು ಮಾಡಬಲ್ಲದು. ಕೊಳವೆಯ ಜೋಡಣೆ, ರೆಗ್ಯುಲೇಟರ್ ಮತ್ತು ರಬ್ಬರ್ ಪೈಪಿನ ಎರಡೂ ತುದಿಗಳಿಗೆ ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುತ್ತದೆಯೇ ಎಂದು ಆಗಾಗ ನೋಡಬೇಕು. ಬೆಂಕಿಕಡ್ಡಿ ಗೀರಿ ಪರೀಕ್ಷಿಸುವುದಂತೂ ಎಂದಿಗೂ ಕೂಡದು. ಗುಳ್ಳೆ ಎದ್ದರೆ ಕವಾಟ ಮುಚ್ಚಿ, ಕಿಟಕಿ ತೆರೆದು, ವಿದ್ಯುತ್ ಸ್ವಿಚ್‌ಗಳನ್ನು ಮುಟ್ಟದೆ ಹೊರಗೆ ಬಂದು ಅನಿಲ ಪೂರೈಸುವವರನ್ನು ಕರೆಯಬೇಕು. ಪೈಪಿನ ಮೇಲೆ ಅಚ್ಚಾದ ಅವಧಿ ಮುಗಿದಿದ್ದರೆ ಸೋರಿಕೆ ಕಾಣದಿದ್ದರೂ ಅದನ್ನು ಬದಲಾಯಿಸಬೇಕು.